ಹಳೆಯ ರೈಫಲಿನ ಫೋರ್‌ಸೈಟ್ ಟಿಪ್ ತೆಗೆದು ಕೂರಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಮಾವನವರ ಲೈಸೆನ್ಸಿನ .315 ರೈಫಲ್ ಇದೆ. ರೇಂಜಿನಲ್ಲಿ 50 ಮೀಟರಿಗೆ ಗುಂಡು ಅಂಗೈ ಅಗಲ ಎಡಕ್ಕೆ ಬೀಳುತ್ತಿದೆ. ಮುಂದಿನ ಸೈಟನ್ನು, ಅಂದರೆ ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಸಣ್ಣ ಫೋರ್‌ಸೈಟ್ ಟಿಪ್ಪನ್ನು, ಸುತ್ತಿಗೆಯಲ್ಲಿ ಬಡಿದು ಬಲಕ್ಕೆ ಸರಿಸಬಹುದಾ?

ಬಲಕ್ಕೆ ಅಲ್ಲ, ಎಡಕ್ಕೆ. ಗುಂಡು ಯಾವ ಕಡೆ ಹೋಗುತ್ತದೋ ಟಿಪ್ ಕೂಡ ಆ ಕಡೆಗೇ ಹೋಗಬೇಕು. ಸುತ್ತಿಗೆಯನ್ನು ಮಾತ್ರ ಸದ್ಯಕ್ಕೆ ದೂರ ಇಡಿ.

ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು, ಆಗಿದ್ದೆ, ಈಗ ಮೈಸೂರಿನಲ್ಲಿದ್ದೇನೆ. ಕೈ ಪಳಗಿದ್ದು ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ .303 ಮೇಲೆ. ನಿಮ್ಮ .315 ಕೂಡ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ಅದೇ ಲೀ-ಎನ್‌ಫೀಲ್ಡ್ ಮಾದರಿಯ ಮೇಲೆ ಕಟ್ಟಿದ ಬಂದೂಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟಿಪ್ಪನ್ನು ಉಕ್ಕಿನ ಪಂಚ್ ಇಟ್ಟು ಬಡಿದುಬಿಟ್ಟೆ. ಟಿಪ್ ಬಾಗಿತು, ಅದು ಹೋಗಲಿ, ಅದು ಕೂರುವ ಗಾಡಿಯ, ಅಂದರೆ ಕೊರೆದ ಸಂದಿನ, ಅಂಚೇ ಕಿತ್ತು ಬಂತು. ಟಿಪ್ ಬದಲಾಯಿಸಬಹುದು, ಗಾಡಿ ಕೆಟ್ಟರೆ ಕಷ್ಟ. ಆ ಬೇಜಾರು ಇನ್ನೂ ಮನಸ್ಸಿನಲ್ಲಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ತಪ್ಪು ಸೈಟಿನದೇನಾ ಅಂತ ನೋಡಿ. ಹಳೆಯ ರೈಫಲಿನ ಮರ ನೀರಿನಂಶ ಹೀರಿ ಉಬ್ಬುತ್ತದೆ. ನಾಲೆ ಪಕ್ಕದ ಮನೆಯಲ್ಲಿ, ಮಳೆಗಾಲದಲ್ಲಿ, ಇದು ಜಾಸ್ತಿ. ಉಬ್ಬಿದ ಮರ ನಳಿಗೆಯನ್ನು ಒಂದು ಕಡೆಗೆ ಒತ್ತಿದರೆ ಗುಂಡು ಪಕ್ಕಕ್ಕೆ ಹೋಗುತ್ತದೆ. ಆಗ ಸೈಟ್ ಸರಿಸಿದರೆ ಬೇಸಿಗೆಯಲ್ಲಿ ಮತ್ತೆ ತಪ್ಪುತ್ತದೆ. ಮರದ ತಿರುಪುಗಳು ಬಿಗಿಯಾಗಿವೆಯೇ ಅಂತಲೂ ನೋಡಿ. ಇಬ್ಬರು ಬೇರೆ ಬೇರೆ ಹೊಡೆದು ನೋಡಿ. ಇಬ್ಬರಿಗೂ ಎಡಕ್ಕೇ ಬಿದ್ದರೆ ಮಾತ್ರ ಟಿಪ್ ಮುಟ್ಟಿ.

ಇನ್ನು ಎಷ್ಟು ಸರಿಸಬೇಕು? ಈ ಜಾತಿಯ ರೈಫಲ್‌ಗಳಲ್ಲಿ ಹಿಂದಿನ ಸೈಟಿಗೂ ಮುಂದಿನದಕ್ಕೂ ನಡುವೆ ಸುಮಾರು ಅರ್ಧ ಮೀಟರ್ ಇರುತ್ತದೆ. ಅದರ ನೂರು ಪಟ್ಟು 50 ಮೀಟರ್. ಅಂದರೆ ಟಿಪ್ 1 ಮಿಲಿಮೀಟರ್ ಸರಿದರೆ ಗುರಿಯಲ್ಲಿ 10 ಸೆಂಟಿಮೀಟರ್. ನಿಮ್ಮ ಅಂಗೈ ಅಗಲಕ್ಕೆ ಹತ್ತಿರ ಹತ್ತಿರ 1 ಮಿಲಿಮೀಟರ್ ಸಾಕು. ನಿಮ್ಮ ರೈಫಲಿನ ಅಳತೆ ಟೇಪ್ ಹಿಡಿದು ನೋಡಿಕೊಳ್ಳಿ.

ಬಂದೂಕು ಖಾಲಿ ಮಾಡಿ, ಬೋಲ್ಟ್ ಹೊರಗೆ ತೆಗೆದಿಡಿ. ಟಿಪ್ಪಿಗೂ ಗಾಡಿಗೂ ಸೇರಿ ಬರುವಂತೆ ಒಂದು ಸಣ್ಣ ಗೆರೆ ಎಳೆಯಿರಿ, ಎಷ್ಟು ಸರಿಯಿತು ಅಂತ ಅದೇ ಹೇಳುತ್ತದೆ. ಅಲ್ಲಿ ಪಂಚ್ ಗುರುತು ಹಾಕಿ ಲಾಕ್ ಮಾಡಿದ್ದಾರಾ, ಬಿಗಿಯುವ ತಿರುಪು ಇದೆಯಾ ನೋಡಿ. .303ರ ನಂತರದ ಮಾದರಿಯಾದ ನಂಬರ್ 4 ರೈಫಲ್‌ಗಳಲ್ಲಿ ಗಾಡಿ ಸೀಳಿರುತ್ತದೆ, ಅದನ್ನು ತಿರುಪು ಹಿಡಿದಿರುತ್ತದೆ. ಆ ತಿರುಪು ಸಡಿಲಿಸದೆ ಎಷ್ಟು ಬಡಿದರೂ ಲೋಹ ಹರಿಯುತ್ತದೆ ಅಷ್ಟೇ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ನಳಿಗೆಯನ್ನು ವೈಸಿನಲ್ಲಿ ಹಿಡಿಯುವಾಗ ಎರಡೂ ಕಡೆ ಮರದ ತುಂಡು ಇರಲಿ. ಒತ್ತಿ ತಳ್ಳುವ ಸ್ಕ್ರೂ ಸಾಧನ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಹಿತ್ತಾಳೆ ಪಂಚ್. ಅದನ್ನು ಟಿಪ್ಪಿನ ಬುಡಕ್ಕೆ ಇಡಿ, ತೆಳ್ಳಗಿನ ತುದಿಗೆ ಬೇಡ. ಚಿಕ್ಕ ಚಿಕ್ಕ ಏಟು.

ಗುಂಡು ಕೆಳಗೆ ಬೀಳುತ್ತಿದ್ದರೆ ಟಿಪ್ ಗಿಡ್ಡವಾಗಬೇಕು, ಮೇಲೆ ಬೀಳುತ್ತಿದ್ದರೆ ಎತ್ತರದ ಟಿಪ್ ಬೇಕು. ಅರ ಹಾಕುವ ಮುಂಚೆ ಬೇರೆ ಅಳತೆಯ ಟಿಪ್ ಹುಡುಕಿ. ಉಜ್ಜಿದ್ದು ವಾಪಸ್ ಬರುವುದಿಲ್ಲ. ನಂಬರ್ 4ಕ್ಕಂತೂ 0.015 ಇಂಚಿನ ಅಂತರದಲ್ಲಿ ಬೇರೆ ಬೇರೆ ಎತ್ತರದ ಟಿಪ್‌ಗಳನ್ನು ಮಾಡಿದ್ದರು.

ಇಷ್ಟೆಲ್ಲಾ ಹೇಳಿದರೂ, ಕೈ ಹಾಕುವುದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರೇ ಆಗಲಿ. ನೀವು ಪಕ್ಕದಲ್ಲಿ ನಿಂತು ಹಿತ್ತಾಳೆ ಪಂಚ್ ಇದೆಯಾ ಅಂತ ಕೇಳಿ. 1959ರ ಆಯುಧ ಕಾಯ್ದೆ ಪ್ರಕಾರ ಮಾವನವರು ಜೊತೆಗಿರಬೇಕು, ಇಲ್ಲವೇ ಅವರು ಬರೆದುಕೊಟ್ಟ ಅನುಮತಿ ಪತ್ರ ನಿಮ್ಮ ಕೈಯಲ್ಲಿರಬೇಕು. ಸುಮ್ನೆ ಬೈಕಿನಲ್ಲಿ ಕಟ್ಟಿಕೊಂಡು ಹೋಗಬೇಡಿ.

ಕೂರಿಸಿದ ಮೇಲೆ ರೇಂಜಿನಲ್ಲಿ ಐದು ಗುಂಡು ಹೊಡೆದು ಆ ಗೆರೆ ಮತ್ತೆ ನೋಡಿ. ತಾನಾಗೇ ಸರಿದಿದ್ದರೆ ಟಿಪ್ ಸಡಿಲ ಅಂತ ಅರ್ಥ, ಸ್ವಲ್ಪ ಬಿಗಿ ಇರುವ ಬೇರೆ ಟಿಪ್ ಹಾಕಿಸಿ.