ಗುಜರಿ ಎಂಜಿನ್ ಕೊಳ್ಳುವ ಮುನ್ನ ಹೆಡ್ ಬಿಚ್ಚಿಸಿ ನೋಡಿ

ಪ್ರಶ್ನೆ: ನನ್ನದು 2012ರಲ್ಲಿ ನೋಂದಣಿಯಾದ ಸ್ವಿಫ್ಟ್ ಡೀಸೆಲ್ ಕಾರು. 1,90,000 ಕಿ.ಮೀ. ಓಡಿದೆ. ಕಳೆದ ತಿಂಗಳು ತುಮಕೂರಿನಿಂದ ಬರುವಾಗ ನೆಲಮಂಗಲದ ಬಳಿ ಟೆಂಪರೇಚರ್ ದೀಪ ಹೊತ್ತಿಕೊಂಡಿತು. ಟೋಲ್ ದಾಟಿ ನಿಲ್ಲಿಸೋಣ ಎನ್ನುವಷ್ಟರಲ್ಲಿ ಎಂಜಿನ್ ಜಾಮ್ ಆಗಿ ನಿಂತಿತು. ಇದನ್ನು ರಿಪೇರಿ ಮಾಡಿಸುವುದು ದಂಡ, ಶಿವಾಜಿನಗರದ ಗುಜರಿಯಲ್ಲಿ ದೆಹಲಿಯಿಂದ ಬಂದ, ಬರೀ 60,000 ಕಿ.ಮೀ. ಓಡಿದ ಎಂಜಿನ್ ಇದೆ, ಎರಡೇ ದಿನದಲ್ಲಿ ಕೂರಿಸಿಕೊಡುತ್ತೇವೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಕೊಳ್ಳಬಹುದೇ? ಆರ್‌ಟಿಒ ಕಚೇರಿಯಲ್ಲಿ ತೊಂದರೆಯಾಗುತ್ತದೆಯೇ?
– ಓದುಗರು, ಬನಶಂಕರಿ

ಉತ್ತರ: ಕೊಳ್ಳಬಹುದು, ಆದರೆ ಈ ವಾರವೇ ಬೇಡ. ನಿಮ್ಮ ಎಂಜಿನ್ ಕಾದದ್ದು ಏಕೆ ಎಂಬುದನ್ನು ಗ್ಯಾರೇಜಿನವರು ಹೇಳಿದಂತಿಲ್ಲ. ನಮ್ಮ ಬೆಂಗಳೂರಿನಲ್ಲಿ ರೇಡಿಯೇಟರಿಗೆ ಕೂಲಂಟ್ ಬದಲು ಕೊಳವೆಬಾವಿಯ ಗಡಸು ನೀರು ಹಾಕುವ ರೂಢಿ ಇನ್ನೂ ಹೋಗಿಲ್ಲ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಸುಣ್ಣದ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಕಟ್ಟುತ್ತದೆ. ಕಾರಣ ಅದೇ ಇರಲಿ, ವಾಟರ್ ಪಂಪ್, ಥರ್ಮೋಸ್ಟಾಟ್ ಅಥವಾ ಫ್ಯಾನ್ ಇರಲಿ, ಅದನ್ನು ಸರಿಪಡಿಸದೆ ಯಾವ ಎಂಜಿನ್ ಕೂರಿಸಿದರೂ ಅದಕ್ಕೂ ಇದೇ ಗತಿಯಾಗುತ್ತದೆ.

ಎರಡನೆಯದಾಗಿ, ನಿಮ್ಮ ಎದುರಿನಲ್ಲಿಯೇ ನಿಮ್ಮ ಈಗಿನ ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಿಚ್ಚಿಸಿ. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ, ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಒಡಲು) ಎರಕದ ಕಬ್ಬಿಣ. ಕಾದಾಗ ಮೊದಲು ಸೊಟ್ಟಗಾಗುವುದು ಹೆಡ್. ಬ್ಲಾಕ್ ಬಿರುಕು ಬಿಡದೆ ಬರೀ ಬೋರ್ (ಸಿಲಿಂಡರಿನ ಒಳಗೋಡೆ) ಗೀಚಿದ್ದರೆ, ಒಳ್ಳೆಯ ಲೇತ್‌ನಲ್ಲಿ ಅದನ್ನು ಕೊರೆಸಿಯೋ ಸ್ಲೀವ್ ಎಂಬ ಹೊಸ ಒಳಕೊಳವೆ ಹಾಕಿಸಿಯೋ, ಹೊಸ ಪಿಸ್ಟನ್ ಮತ್ತು ಬೇರಿಂಗ್ ಹಾಕಿ ಎಂಜಿನ್ ಕಟ್ಟಿಸಬಹುದು. ಗುಜರಿ ಎಂಜಿನ್ನಿಗಿಂತ ಖರ್ಚು ಹೆಚ್ಚಾಗಬಹುದು, ಎರಡು ದಿನದ ಬದಲು ಎರಡು ಮೂರು ವಾರ ಹಿಡಿಯಬಹುದು. ಆದರೂ ನಾನು ಇದನ್ನೇ ಮೊದಲು ಸೂಚಿಸುತ್ತೇನೆ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ, ಆ ಬ್ಲಾಕ್ ಉಳಿದರೆ ನಿಮ್ಮ ಆರ್‌ಸಿಯೂ ಇದ್ದ ಹಾಗೆಯೇ ಉಳಿಯುತ್ತದೆ.

ಬ್ಲಾಕ್ ಕೈಕೊಟ್ಟಿದ್ದರೆ ಮಾತ್ರ ಶಿವಾಜಿನಗರಕ್ಕೆ ಹೋಗಿ, ಮೆಕ್ಯಾನಿಕ್ಕನ್ನಷ್ಟೇ ಕಳುಹಿಸದೆ ನೀವೂ ಹೋಗಿ. 60,000 ಕಿ.ಮೀ. ಎಂಬುದು ಬಾಯಿಮಾತು: ಓಡಿದ ಲೆಕ್ಕ ಇರುವುದು ಕಾರಿನ ಮೀಟರಿನಲ್ಲಿ, ಇಳಿಸಿಟ್ಟ ಎಂಜಿನ್ನಿನ ಮೈಮೇಲೆ ಅದು ಬರೆದಿರುವುದಿಲ್ಲ. ಆದ್ದರಿಂದ ಎಂಜಿನ್ನನ್ನೇ ಪರೀಕ್ಷಿಸಬೇಕು. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗೆ ಬಿಸಿ ಕೊಡುವ ಪ್ಲಗ್) ತೆಗೆದು, ಅಲ್ಲಿ ಒತ್ತಡ ಅಳೆಯುವ ಗೇಜ್ ಕೂರಿಸಿ, ಬ್ಯಾಟರಿ ಕೊಟ್ಟು ಸ್ಟಾರ್ಟರಿನಿಂದ ತಿರುಗಿಸಿದರೆ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯ ಒತ್ತಡ, ತಿಳಿಯುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಸಂಪ್ (ಎಂಜಿನ್ನಿನ ಅಡಿಯ ಎಣ್ಣೆ ಪಾತ್ರೆ) ಬಿಚ್ಚಿಸಿ, ತಳದ ಎಣ್ಣೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಗಿರುವುದು ಸಹಜ, ಆದರೆ ಅದರಲ್ಲಿ ಮಿನುಗುವ ಪುಡಿ ಕಂಡರೆ ಬೇರಿಂಗ್ ಸವೆದಿದೆ ಎಂದರ್ಥ. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ. ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಶಾಫ್ಟ್ ಹಿಡಿದು ಅಲುಗಾಡಿಸಿ, ಸಡಿಲವಾಗಿದೆಯೇ ಎಂದೂ ನೋಡಿ.

ಫಿಯೆಟ್ ಮೂಲದ ಈ 1,248 ಸಿಸಿ ಎಂಜಿನ್ ಹಲವು ಕಂಪನಿಗಳ ಕಾರುಗಳಲ್ಲಿ ಬಂದಿದೆ. ನಿಮ್ಮ ಸ್ವಿಫ್ಟ್‌ನಲ್ಲಿ ಇರುವುದು 75 ಪಿಎಸ್‌ನದು. ಎರ್ಟಿಗಾದಂಥ ಕಾರುಗಳ 90 ಪಿಎಸ್‌ನ ಎಂಜಿನ್ನಿಗೆ ಟರ್ಬೋ ಬೇರೆ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಬೇರೆ. ‘ಎಲ್ಲ ಒಂದೇ ಸಾರ್’ ಎಂಬ ಮಾತಿಗೆ ಒಪ್ಪಬೇಡಿ. ನಿಮ್ಮ ಕಾರಿನ ಇಸಿಯುವನ್ನೇ ಉಳಿಸಿಕೊಳ್ಳಿ. ಬೇರೆ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಹಾಕಿದರೆ ಅವುಗಳ ಕೋಡನ್ನು ಸ್ಕ್ಯಾನರಿನಿಂದ ಇಸಿಯುವಿನಲ್ಲಿ ಬರೆಸಬೇಕು.

ಇನ್ನು ಕಾಗದಪತ್ರ. ನನಗೆ ಹೆಚ್ಚು ಆತಂಕವಿರುವುದು ಇದರ ಬಗ್ಗೆಯೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಎಂಜಿನ್ ಬದಲಾಯಿಸಿದ್ದನ್ನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಿಕೊಳ್ಳಬೇಕು. ನಿಮ್ಮ ಕಾರಿನ 15 ವರ್ಷದ ನೋಂದಣಿ 2027ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಗಾಡಿ ತೋರಿಸುವಾಗ ಇನ್‌ಸ್ಪೆಕ್ಟರು ಎಂಜಿನ್ ಮತ್ತು ಚಾಸಿಸ್ ನಂಬರುಗಳನ್ನು ತಾಳೆ ನೋಡುತ್ತಾರೆ. ವಿಮೆಯ ಪಾಲಿಸಿಯಲ್ಲಿಯೂ ಅದೇ ನಂಬರ್ ಇರುವುದರಿಂದ, ಅಲ್ಲಿಯೂ ತಿದ್ದುಪಡಿ ಮಾಡಿಸದಿದ್ದರೆ ಕ್ಲೇಮಿನ ವೇಳೆ ತಕರಾರು ಎದುರಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಆ ಎಂಜಿನ್ ಕದ್ದ ಕಾರಿನದಾಗಿರಬಾರದು. ಕದ್ದ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಕೊಂಡವರೂ ಅಪರಾಧಿಗಳೇ. ನಂಬರ್ ಇರುವ ಜಾಗವನ್ನು ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಉಜ್ಜಿದ ಗೆರೆಗಳು, ಸಾಲು ತಪ್ಪಿದ ಅಂಕಿಗಳು ಕಂಡರೆ ಅಲ್ಲಿಂದ ಹೊರಟುಬಿಡಿ. ಎಂಜಿನ್ ನಂಬರ್ ಬರೆದ ಪಕ್ಕಾ ಬಿಲ್ ಮತ್ತು ಅದು ಯಾವ ಕಾರಿನದೋ ಆ ಕಾರಿನ ಆರ್‌ಸಿ ಪ್ರತಿ ಎರಡನ್ನೂ ಕೊಡದವರಿಗೆ ಮುಂಗಡ ಕೊಡಬೇಡಿ. ವಾರಂಟಿ ಎಷ್ಟು ದಿನ ಎಂಬುದೂ ಆ ಬಿಲ್ಲಿನಲ್ಲಿಯೇ ಇರಲಿ.

ಒಂದು ಮಾತು ಉಳಿಯಿತು. ಎಂಜಿನ್ ಬದಲಾಯಿಸಿದರೆ ಹಳೆಯ ಬ್ಲಾಕನ್ನು ಗ್ಯಾರೇಜಿನವರಿಗೆ ಬಿಟ್ಟುಕೊಟ್ಟು ಬರಬೇಡಿ. ಅದರ ಮೇಲೆ ಇರುವುದು ನಿಮ್ಮ ಕಾರಿನ ನಂಬರ್. ಆರ್‌ಸಿಯಲ್ಲಿ ಹೊಸ ನಂಬರ್ ಬರುವವರೆಗಾದರೂ ಅದು ನಿಮ್ಮ ಮನೆಯಲ್ಲಿಯೇ ಇರಲಿ.