ಕರಾವಳಿಯ ಮಳೆ, ಉಪ್ಪುಗಾಳಿಯ ನಡುವೆ ಮನೆಯಲ್ಲೇ ಕಿಟ್ ವಿಮಾನ ಕಟ್ಟಲು ಸಾಧ್ಯವೇ?

ನೀವು ಮುಖ್ಯವಾಗಿ ಮೂರು ಸಂಗತಿ ಕೇಳಿದ್ದೀರಿ. ಕುಮಟಾದ ಹತ್ತಿರ ಮನೆ ಹಿಂದಿನ ಹಂಚಿನ ಶೆಡ್ಡಿನಲ್ಲಿ ಎರಡು ಸೀಟಿನ ಕಿಟ್ ವಿಮಾನ (ಕಂಪನಿಯಿಂದ ಬಿಡಿ ಭಾಗಗಳಾಗಿ ಬರುವುದನ್ನು ನಾವೇ ಜೋಡಿಸುವ ವಿಮಾನ) ಕಟ್ಟಬಹುದೇ, ಕಟ್ಟುವಾಗ ಎಲ್ಲೆಲ್ಲಿ ಸಿಕ್ಕಿಬೀಳುತ್ತೇನೆ, ಖರ್ಚು ಇಳಿಸಲು ಸಾಮಾನನ್ನು ಇಲ್ಲಿನ ಪೇಟೆಯಲ್ಲೇ ಹೊಂದಿಸಬಹುದೇ.

ಕಟ್ಟಬಹುದು. ನಾನು, ನನ್ನ ಭಾವ ಸೇರಿ ಅವರ್ಸಾದಲ್ಲಿ ಅಂಥದ್ದೇ ಶೆಡ್ಡಿನಲ್ಲಿ ಒಂದನ್ನು ಕಟ್ಟುತ್ತಿದ್ದೇವೆ. ಬಾಲ ಮತ್ತು ಎರಡೂ ರೆಕ್ಕೆ ಮುಗಿದಿವೆ, ಒಡಲು ಚಕ್ರದ ಮೇಲೆ ನಿಂತಿದೆ, ಎಂಜಿನ್ ಇನ್ನೂ ಬಂದಿಲ್ಲ. ಹಾಗಾಗಿ ಹಾರಿಸುವುದರ ಬಗ್ಗೆ ನನ್ನ ಮಾತಿಗೆ ಬೆಲೆಯಿಲ್ಲ. ತಗಡು, ತೂತು, ರಿವೆಟ್ ವಿಷಯ ಹೇಳಬಲ್ಲೆ.

ನಿಮ್ಮ ಮೂರನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನೆಲದ ಮೇಲೆ ಉಳಿಯುವ ಸಾಮಾನು, ಅಂದರೆ ಮೇಜು, ಅಡ್ಡಪಟ್ಟಿ, ಚೌಕಟ್ಟು, ಕಂಪ್ರೆಸರ್, ದೀಪ, ಇವೆಲ್ಲ ಕುಮಟಾ, ಅಂಕೋಲೆ, ಕಾರವಾರದ ಅಂಗಡಿಯಲ್ಲೇ ಸಿಗುತ್ತವೆ. ಅಲ್ಲಿ ನಿಮ್ಮ ಬುದ್ಧಿ ಎಷ್ಟು ಓಡುತ್ತದೋ ಅಷ್ಟು ಓಡಿಸಿ. ನೆಲ ಬಿಟ್ಟು ಏಳುವ ಸಾಮಾನಿನಲ್ಲಿ ಒಂದು ರಿವೆಟ್ಟನ್ನೂ ಪೇಟೆಯಿಂದ ತರಬೇಡಿ.

ಇದು ಮಡಿವಂತಿಕೆ ಅಲ್ಲ. ದೋಣಿಯ ಸಾಮಾನಿನ ಅಂಗಡಿಯಲ್ಲಿ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಸಿಗುತ್ತದೆ, ನೋಡಿದರೆ ಕಿಟ್ಟಿನಲ್ಲಿ ಬಂದ ಮಬ್ಬು ಹಳದಿ ಬೋಲ್ಟಿಗಿಂತ ಅದೇ ಗಟ್ಟಿ ಅನ್ನಿಸುತ್ತದೆ. ತಲೆಯ ಮೇಲೆ ಎ2-70 ಅಂತ ಇದ್ದರೆ ಅದು ತುಂಡಾಗದೆ ತಡೆಯುವ ಎಳೆತ 700 ಮೆಗಾಪಾಸ್ಕಲ್. ಕಿಟ್ಟಿನಲ್ಲಿ ಬರುವ, ಎಎನ್ ಎಂಬ ವಿಮಾನದ ದರ್ಜೆಯ ಬೋಲ್ಟ್ ಸುಮಾರು 860 ತಡೆಯುತ್ತದೆ. ಮೇಲಾಗಿ ಆ ಹಳದಿ ಕ್ಯಾಡ್ಮಿಯಂ ಲೇಪ ಅಲ್ಯೂಮಿನಿಯಂ ಜೊತೆ ಜಗಳವಾಡದೆ ಕೂರುತ್ತದೆ. ಸ್ಟೇನ್‌ಲೆಸ್ ಹಾಗಲ್ಲ, ಉಪ್ಪುನೀರು ಸೋಕಿತೆಂದರೆ ತನ್ನ ಸುತ್ತಲಿನ ಅಲ್ಯೂಮಿನಿಯಂ ಅನ್ನೇ ತಿನ್ನಿಸುತ್ತದೆ. ನಡುವಿನ ಕಡ್ಡಿ ಎಳೆದು ಬಿಗಿಸುವ ಪಾಪ್ ರಿವೆಟ್ಟಿನದೂ ಅದೇ ಕತೆ. ಕಿಟಕಿ, ಷಟರ್ ಕೆಲಸದ ರಿವೆಟ್ಟಿನ ನಡುವಿನ ಕಡ್ಡಿ ಎಳೆದ ಮೇಲೆ ಸಡಿಲಾಗಿ ಉದುರಿದರೂ ಉದುರಿತು. ಕಿಟ್ಟಿನ ರಿವೆಟ್ಟಿನಲ್ಲಿ ಕಡ್ಡಿಯ ತುಂಡು ಒಳಗೇ ಕಚ್ಚಿಕೊಂಡು ಉಳಿಯುತ್ತದೆ, ಲೆಕ್ಕ ಹಾಕಿದವರು ಅದರ ಬಲವನ್ನೂ ಸೇರಿಸಿಯೇ ಹಾಕಿರುತ್ತಾರೆ.

ಇನ್ನು ಸಿಕ್ಕಿಬೀಳುವ ಜಾಗಗಳು.

ಮೊದಲನೆಯದು ಮೇಜು. ರೆಕ್ಕೆಯನ್ನು ತಿರುಚಿದ ಮೇಜಿನ ಮೇಲೆ ಜೋಡಿಸಿದರೆ ರೆಕ್ಕೆಯೂ ತಿರುಚಿಯೇ ಹುಟ್ಟುತ್ತದೆ, ರಿವೆಟ್ ಹೊಡೆದ ಮೇಲೆ ಯಾವ ದೇವರೂ ಅದನ್ನು ನೆಟ್ಟಗೆ ಮಾಡಲಾರ. ಇಲ್ಲಿ ಸಾದಾ ಪ್ಲೈವುಡ್ ಜೂನ್ ಬಂತೆಂದರೆ ಉಬ್ಬಿ ಏಳುತ್ತದೆ. ಐಎಸ್ 710 ಗುರುತಿನ ಮರೈನ್ ಪ್ಲೈ ತನ್ನಿ, ಕೆಳಗೆ ಕಬ್ಬಿಣದ ಚೌಕ ಪೈಪಿನ ಚೌಕಟ್ಟು ಕೊಡಿ, ಪ್ರತಿ ಕಾಲಿಗೂ ಎತ್ತರ ಹೊಂದಿಸುವ ಬೋಲ್ಟ್ ಹಾಕಿಸಿ. ಮಟ್ಟ ನೋಡಲು ಲೇಸರ್ ಬೇಕು ಅಂತ ಭಾವ ಹಟ ಹಿಡಿದಿದ್ದ. ಪಕ್ಕದ ಮನೆಗೆ ಬಂದ ಗೌಂಡಿಯ ನೀರಿನ ಪೈಪು ಸಾಕಾಯಿತು. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡು ತುದಿ ಹಿಡಿದರೆ ಎಷ್ಟು ದೂರವಿದ್ದರೂ ನೀರು ಸುಳ್ಳು ಹೇಳುವುದಿಲ್ಲ. ಆಮೇಲೆ ಮೇಜಿನ ನಾಲ್ಕು ಮೂಲೆಯಿಂದ ಕರ್ಣಕ್ಕೆ ಎರಡು ದಾರ ಬಿಗಿದು ಕಟ್ಟಿ. ನಡುವೆ ದಾರಗಳು ಒಂದಕ್ಕೊಂದು ಸೋಕಿಯೂ ಸೋಕದಂತಿದ್ದರೆ ತಿರುಚು ಇಲ್ಲ. ಒಂದು ಇನ್ನೊಂದನ್ನು ಒತ್ತಿದರೆ, ಅಥವಾ ನಡುವೆ ಸಂದು ಕಂಡರೆ, ಕಾಲಿನ ಬೋಲ್ಟ್ ತಿರುಗಿಸಿ. ಮಳೆ ಹಿಡಿದಾಗ ಒಮ್ಮೆ, ಮಳೆ ಬಿಟ್ಟಾಗ ಒಮ್ಮೆ ಇದನ್ನು ಮತ್ತೆ ನೋಡಲೇಬೇಕು.

ಎರಡನೆಯದು ಬಿಸಿಲು. ನಮ್ಮನ್ನು ಹೆಚ್ಚು ಸತಾಯಿಸಿದ್ದು ಇದೇ. ಬೆಳಿಗ್ಗೆ ರೆಕ್ಕೆಯ ಮೇಲಿನ ತಗಡನ್ನು ಪಕ್ಕೆಲುಬುಗಳ ಮೇಲೆ ಹಾಸಿ, ತೂತಿಗೆ ತೂತು ಹೊಂದಿಸಿ, ಕ್ಲೀಕೋ ಚುಚ್ಚಿ ನಿಲ್ಲಿಸಿದ್ದೆವು. (ಕ್ಲೀಕೋ ಅಂದರೆ ರಿವೆಟ್ ಹೊಡೆಯುವ ತನಕ ಎರಡು ತಗಡನ್ನು ಒಟ್ಟಿಗೆ ಹಿಡಿಯುವ ಸ್ಪ್ರಿಂಗ್ ಪಿನ್ನು. ಬೆಳ್ಳಿ ಬಣ್ಣದ್ದು ಸಣ್ಣ ತೂತಿಗೆ, ತಾಮ್ರದ ಬಣ್ಣದ್ದು 3.2 ಮಿ.ಮೀ. ತೂತಿಗೆ. ನಿಮಗೆ ಬೇಕು ಅನ್ನಿಸಿದ್ದಕ್ಕಿಂತ ಇಮ್ಮಡಿ ತರಿಸಿ.) ಮಧ್ಯಾಹ್ನ ತುದಿಯ ಕಡೆ ಮುಂದುವರಿಸಲು ಹೋದರೆ ತೂತುಗಳು ಜಾರಿವೆ! ಕಿಟ್ಟಿನವರೇ ಕಂಪ್ಯೂಟರ್ ಯಂತ್ರದಲ್ಲಿ ಕೊರೆದು ಕಳಿಸಿದ ತೂತು ಜಾರುವುದು ಹೇಗೆ? ಭಾವ ತಗಡೇ ಸರಿಯಿಲ್ಲ ಅಂದ. ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲ ಮತ್ತೆ ಸರಿಯಾಗಿ ಕೂತಿವೆ.

ಕಳ್ಳ ಇದ್ದದ್ದು ಮಾಡಿನಲ್ಲಿ. ಬೆಳಕಿಗೆಂದು ಹಾಕಿಸಿದ ಗಾಜಿನ ಹಂಚಿನಿಂದ ಹನ್ನೊಂದರ ಮೇಲೆ ಬಿಸಿಲು ನೇರ ತಗಡಿನ ಮೇಲೆ ಬೀಳುತ್ತಿತ್ತು, ಕೆಳಗಿನ ಪಕ್ಕೆಲುಬು, ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ) ನೆರಳಲ್ಲಿ ತಣ್ಣಗಿದ್ದವು. ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ 0.023 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಆದರೆ 2.4 ಮೀಟರ್ ಉದ್ದದ ತಗಡು ಅಡಿಯ ಚೌಕಟ್ಟಿಗಿಂತ 10 ಡಿಗ್ರಿ ಹೆಚ್ಚು ಕಾದರೆ ಅರ್ಧ ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ, 3.2 ಮಿ.ಮೀ. ತೂತಿನಲ್ಲಿ ಅರ್ಧ ಮಿ.ಮೀ. ಅಂದರೆ ರಿವೆಟ್ ಒಳಗೆ ಹೋಗುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಡ್ರಿಲ್ ಹಾಕಿ ತೂತನ್ನು ಸ್ವಲ್ಪ ದೊಡ್ಡದು ಮಾಡೋಣ ಅನ್ನಿಸುತ್ತದೆ. ಮಾಡಬೇಡಿ. ಸಂಜೆ ತಗಡು ತಣಿದಾಗ ಆ ಮೊಟ್ಟೆಯಾಕಾರದ ತೂತು ಹಾಗೇ ಉಳಿಯುತ್ತದೆ. ಕಾದ ತಗಡಿಗೇ ಬಲವಂತವಾಗಿ ರಿವೆಟ್ ಹೊಡೆದರೂ ಅಷ್ಟೆ, ತಣಿದ ಮೇಲೆ ಅದು ಸೆಳೆದುಕೊಂಡು ಚೌಕಟ್ಟನ್ನೇ ಎಳೆಯುತ್ತದೆ. ನಾವು ಗಾಜಿನ ಹಂಚಿಗೆ ಗೋಣಿ ಹೊದಿಸಿದೆವು, ಉದ್ದದ ತಗಡಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡೆವು, ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೋಗುವ ಕ್ರಮ ಹಿಡಿದೆವು.

ಮೂರನೆಯದು ನಿಜವಾಗಿಯೂ ತಪ್ಪಿದ ತೂತು. ಇದು ಎಲ್ಲರಿಗೂ ಆಗುತ್ತದೆ, ನಿಮಗೂ ಆಗುತ್ತದೆ. ಒಂದು ಲೆಕ್ಕ ಬಾಯಿಪಾಠ ಇರಲಿ: ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ದಪ್ಪದ ಎರಡು ಪಟ್ಟು ಜಾಗ ಬೇಕು. 3.2 ಮಿ.ಮೀ. ರಿವೆಟ್ಟಿಗೆ 6.4 ಮಿ.ಮೀ. ತೂತು ಸಡಿಲಾದರೆ ಮುಂದಿನ ಅಳತೆಯ 4 ಮಿ.ಮೀ. ರಿವೆಟ್ ಹಾಕುವುದು ವಾಡಿಕೆ. ಆದರೆ ಅದಕ್ಕೆ ಅಂಚಿನಿಂದ 8 ಮಿ.ಮೀ. ಬೇಕು. ನಿಮ್ಮ ತೂತು ಅಂಚಿನಿಂದ 7 ಮಿ.ಮೀ. ದೂರದಲ್ಲಿದ್ದರೆ ದೊಡ್ಡ ರಿವೆಟ್ ಹಾಕಿದಷ್ಟೂ ಜಾಗ ದುರ್ಬಲ, ಅಂಚು ಹರಿಯುತ್ತದೆ. ಅಂಥಲ್ಲಿ ಕೈ ಕಟ್ಟಿ ಕೂತು ಅಳತೆ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ಕಿಟ್ ತಯಾರಿಸಿದವರಿಗೆ ಕಳಿಸಿ. ಪಕ್ಕದಲ್ಲಿ ಹೊಸ ತೂತು ಹಾಕಿ ಅನ್ನಬಹುದು, ಮೇಲೊಂದು ತೇಪೆ ತಗಡು ಕೂರಿಸಿ ಅನ್ನಬಹುದು, ಆ ಭಾಗವನ್ನೇ ಎಸೆಯಿರಿ ಅನ್ನಬಹುದು. ಉತ್ತರ ಬರುವವರೆಗೆ ಬೇರೆ ಭಾಗದ ಕೆಲಸ ಮಾಡಿ. ತುಂಬಿಸಿ, ಉಜ್ಜಿ, ಬಣ್ಣ ಹೊಡೆದು ಮುಚ್ಚುವ ಕೆಲಸ ಬಸ್ಸಿನ ಹೊರಮೈಗೆ ಸರಿ, ವಿಮಾನಕ್ಕಲ್ಲ.

ನಾಲ್ಕನೆಯದು ಉಪ್ಪು. ಕಡಲಿಂದ ಕೂಗಳತೆಯಲ್ಲಿ ಇದ್ದೀರಿ ಅಂತ ಬರೆದಿದ್ದೀರಿ, ಹಾಗಾಗಿ ಕಿಟ್ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತನ್ನಿ. ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯಲ್ಲಿ ಮುಖ್ಯವಾಗಿ 2024-ಟಿ3 ಎಂಬ ಮಿಶ್ರ ಅಲ್ಯೂಮಿನಿಯಂ ತಗಡು. ಅದು ಬಲಶಾಲಿ, ಆದರೆ ಒಳಗೆ ತಾಮ್ರ ಬೆರೆತದ್ದು. ಮೇಲಿನ ಶುದ್ಧ ಅಲ್ಯೂಮಿನಿಯಂ ಪದರವೇ ಅದರ ಕವಚ, ಗೀರು ಬಿದ್ದಲ್ಲಿ, ಕತ್ತರಿಸಿದ ಅಂಚಿನಲ್ಲಿ ಆ ಕವಚ ಇರುವುದಿಲ್ಲ. ಜೆನಿತ್ ಕಂಪನಿಯ ಸಿಎಚ್ 750ರಂಥವು 6061-ಟಿ6 ಎಂಬ ಇನ್ನೊಂದು ಮಿಶ್ರಣದವು. ಬಲ ಸ್ವಲ್ಪ ಕಡಿಮೆ, ಉಪ್ಪುಗಾಳಿಗೆ ತಾಳಿಕೆ ಹೆಚ್ಚು. ನಮ್ಮ ಊರಿಗೆ ನಾನಾದರೆ 6061 ಅನ್ನೇ ಆರಿಸುತ್ತೇನೆ. ಅದಕ್ಕೂ ತಗಡಿಗೆ ತಗಡು ಸೇರುವ ಪ್ರತಿ ಜಾಗದಲ್ಲಿ ಪ್ರೈಮರ್, ಅಂದರೆ ತುಕ್ಕು ತಡೆಯುವ ಅಡಿಬಣ್ಣ, ಬೇಕೇ ಬೇಕು. ಒಣ ಹವೆಯ ನಾಡಿನವರು ಬೇಡ ಅಂದಾರು, ಅವರ ಮಾತು ಇಲ್ಲಿಗೆ ಹೊಂದುವುದಿಲ್ಲ.

ಪೆಟ್ಟಿಗೆ ಬಂದ ಕೂಡಲೇ ಬಿಚ್ಚಿ. ತಗಡುಗಳ ನಡುವಿನ ಕಾಗದ ನಮ್ಮ ಹವೆಯ ತೇವ ಹೀರಿಕೊಂಡು ಕೂತರೆ ಒಂದೇ ಮಳೆಗಾಲದಲ್ಲಿ ಬಿಳಿ ಕಲೆ ಏಳುತ್ತದೆ. ತಗಡನ್ನು ಒಂದರ ಮೇಲೊಂದು ಮಲಗಿಸದೆ, ಗಾಳಿಯಾಡುವಂತೆ ಅಂಚಿನ ಮೇಲೆ ನಿಲ್ಲಿಸಿಡಿ. ಚಿರೆಕಲ್ಲಿನ ಗೋಡೆಗೆ ಗಿಲಾವು ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆ ಕೆಂಪು ಪುಡಿ ತಗಡನ್ನೆಲ್ಲ ಗೀರುತ್ತದೆ. ಗುರುತು ಹಾಕಲು ಪೆನ್ಸಿಲ್ ಮುಟ್ಟಬೇಡಿ, ಅದರ ಗ್ರಾಫೈಟ್ ತೇವ ಸಿಕ್ಕರೆ ಎಳೆದ ಗೆರೆಯ ಉದ್ದಕ್ಕೂ ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ. ಮಾರ್ಕರ್ ಪೆನ್ ಬಳಸಿ. ಕಬ್ಬಿಣದ ಬ್ರಷ್, ಸ್ಟೀಲ್ ವುಲ್ ಶೆಡ್ಡಿನೊಳಗೇ ಬರಬಾರದು. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನವೂ ಬಸಿಯಿರಿ. ಜುಲೈಯಲ್ಲಿ ಅದರಿಂದ ಇಳಿಯುವ ನೀರು ನೋಡಿದರೆ ಬಾವಿಯೇ ಬೇಡ ಅನ್ನಿಸುತ್ತದೆ ಮಾರಾಯ್ರೆ. ಆ ನೀರು ಪ್ರೈಮರ್ ಸಿಂಪಡಿಸುವ ಗನ್ನಿಗೆ ಹೋದರೆ ಬಣ್ಣ ಹಿಡಿಯುವುದೇ ಇಲ್ಲ.

ಪೇಟೆಯ ಬಗ್ಗೆ ಅಷ್ಟು ಕಟುವಾಗಿ ಬರೆದೆ, ಒಂದು ವಿನಾಯಿತಿ ಇದೆ. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿ ಕಟ್ಟುವವರ ಕೈ ಸಾಮಾನ್ಯದ್ದಲ್ಲ. ಎಂಜಿನ್ ಮುಚ್ಚುವ ಕವಚ, ರೆಕ್ಕೆಯ ತುದಿ ಇವೆಲ್ಲ ಫೈಬರಿನಲ್ಲೇ ಬರುತ್ತವೆ, ಅವುಗಳ ಸಣ್ಣ ಸೂಜಿತೂತು ಮುಚ್ಚಿ ನುಣುಪು ಮಾಡುವುದು ಅವರಿಗೆ ಎಡಗೈ ಕೆಲಸ. ಕೈ ಅವರದಿರಲಿ, ರಾಳ ಮಾತ್ರ ಕಿಟ್ಟಿನವರು ಹೇಳಿದ್ದೇ ಇರಲಿ. ದೋಣಿಯವರು ಬಳಸುವುದು ಪಾಲಿಯೆಸ್ಟರ್. ಅದನ್ನು ಥರ್ಮೋಕೋಲ್ ಜಾತಿಯ ಫೋಮ್ ಮೇಲೆ ಸುರಿದರೆ ಫೋಮ್ ಕಣ್ಣೆದುರೇ ಕರಗುತ್ತದೆ. ಇಪಾಕ್ಸಿ ಎಂಬ ಇನ್ನೊಂದು ರಾಳ ಕರಗಿಸುವುದಿಲ್ಲ. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಇಪಾಕ್ಸಿ ಹಿಡಿಯುತ್ತದೆ, ಇಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಇಪಾಕ್ಸಿ ಕೆಲಸವನ್ನು ಡಿಸೆಂಬರ್-ಜನವರಿಗೆ ಇಟ್ಟುಕೊಳ್ಳಿ. ಮಳೆಗಾಲದ ತೇವದಲ್ಲಿ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ, ತೊಳೆಯದೆ ಮುಂದಿನ ಪದರ ಹಾಕಿದರೆ ಅದು ಎದ್ದು ಬರುತ್ತದೆ.

ಪೆಟ್ರೋಲ್ ವಿಷಯ ನೀವು ಕೇಳಿಲ್ಲ, ಆದರೂ ಟ್ಯಾಂಕ್ ಕಟ್ಟುವ ಮೊದಲೇ ಯೋಚಿಸಿ. ಇಂಥ ವಿಮಾನಕ್ಕೆ ಸಾಮಾನ್ಯವಾಗಿ ಕೂರಿಸುವ ರೋಟಾಕ್ಸ್ 912 ಎಂಜಿನ್ನಿಗೆ ಎಥೆನಾಲ್ ಶೇ. 10ರವರೆಗೆ ಮಾತ್ರ ಒಪ್ಪಿಗೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ. 20ರದ್ದು. ವಿಮಾನದ ಪೆಟ್ರೋಲ್ ಆವ್‌ಗ್ಯಾಸ್ 100ಎಲ್‌ಎಲ್ ಅನ್ನು ಇಂಡಿಯನ್ ಆಯಿಲ್ 2022ರಿಂದ ವಡೋದರಾದ ಸಂಸ್ಕರಣಾಗಾರದಲ್ಲಿ ತಯಾರಿಸುತ್ತಿದೆ. ಅದರಲ್ಲಿ ಎಥೆನಾಲ್ ಇಲ್ಲ, ಆದರೆ ಸೀಸ ಇರುವುದರಿಂದ ಎಂಜಿನ್ ಆಯಿಲ್ ಬೇಗ ಬೇಗ ಬದಲಿಸಬೇಕಾಗುತ್ತದೆ, ಅಷ್ಟೆ.

ಕಾಗದಪತ್ರದ ಮಾತು ಚಿಕ್ಕದಾಗಿ. ಕಿಟ್‌ಗೆ ಹಣ ಕಟ್ಟುವ ಮೊದಲೇ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಗೆ ಬರೆಯಿರಿ, ಪ್ರತಿ ಹಂತದ ಫೋಟೊ, ದಿನಾಂಕ, ರಿವೆಟ್ಟಿನ ಅಳತೆ ಬರೆದಿಡಿ. ಮುಂಬೈನ ಕಾಂದಿವಲಿಯಲ್ಲಿ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಅಮೋಲ್ ಯಾದವ್ 2016ರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು, ನೋಂದಣಿ ಸಿಕ್ಕಿದ್ದು 2017ರಲ್ಲಿ. ಕೇರಳ ಮೂಲದ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನಲ್ಲಿ ಸ್ಲಿಂಗ್ ಕಿಟ್ ಕಟ್ಟಿ 2022ರಲ್ಲಿ ಕುಟುಂಬದೊಡನೆ ಹಾರಾಡಿದ್ದನ್ನು ನೀವೂ ಓದಿರಬಹುದು. ಅಲ್ಲಿ ತಪಾಸಣೆಗೆ ನೆಲೆಯಾದ ವ್ಯವಸ್ಥೆ ಇದೆ, ಇಲ್ಲಿ ನೀವೇ ಬೆನ್ನು ಹತ್ತಬೇಕು. ನಮ್ಮಲ್ಲಿ ಇನ್ನೊಂದು ತೊಡಕು: ಕಾರವಾರದ ಬಳಿ ನೌಕಾನೆಲೆ ಇರುವುದರಿಂದ ಹಿತ್ತಲಿಂದ ಎದ್ದು ಕಡಲ ಮೇಲೆ ಸುತ್ತಿ ಬರುವ ಕನಸನ್ನು ಬಿಡಿ. ನಮ್ಮದು ಹಾರಬೇಕಾದರೆ ರೆಕ್ಕೆ ಬಿಚ್ಚಿಕೊಂಡು ಲಾರಿಯಲ್ಲಿ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ ದಾರಿ ಹಿಡಿಯಬೇಕು. ಆದ್ದರಿಂದ ಶೆಡ್ಡಿನ ಬಾಗಿಲು, ಗೇಟು, ತೋಟದ ದಾರಿಯ ತಿರುವು ಎಲ್ಲವನ್ನೂ ಈಗಲೇ ಟೇಪು ಹಿಡಿದು ಅಳೆಯಿರಿ. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಿರುವ ನೌಕಾಪಡೆಯ ಟುಪೊಲೆವ್-142 ವಿಮಾನವೂ ಬಿಡಿ ಭಾಗಗಳಾಗಿ ರಸ್ತೆಯಲ್ಲೇ ಬಂದದ್ದು. ಅತ್ತ ಹೋದರೆ ಅದರ ಹೊಟ್ಟೆಯ ಕೆಳಗೆ ನಿಂತು ರಿವೆಟ್ ಸಾಲುಗಳನ್ನು ನೋಡಿ, ಅಂಚಿನಿಂದ ಎಷ್ಟು ದೂರ, ಒಂದರಿಂದ ಒಂದಕ್ಕೆ ಎಷ್ಟು ಅಂತರ ಅಂತ. ಪುಸ್ತಕದಲ್ಲಿ ಓದಿದ್ದು ಅಲ್ಲಿ ಕಣ್ಣಿಗೆ ಕೂರುತ್ತದೆ.

ಒಬ್ಬನೇ ಕಟ್ಟಬಹುದೇ ಅಂತ ಕೊನೆಯ ಸಾಲಲ್ಲಿ ಕೇಳಿದ್ದೀರಿ. ಎಳೆಯುವ ರಿವೆಟ್ಟಿನ ಕಿಟ್ ಆದರೆ ಹೆಚ್ಚಿನ ಕೆಲಸ ಒಬ್ಬರಿಂದ ಆಗುತ್ತದೆ. ಬಡಿಯುವ ರಿವೆಟ್ಟಿನದಾದರೆ ಒಬ್ಬರು ಗನ್ ಹಿಡಿಯಬೇಕು, ಇನ್ನೊಬ್ಬರು ಹಿಂದೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಆ ಸದ್ದಿಗೆ ನೆರೆಮನೆಯವರ ಒಪ್ಪಿಗೆಯೂ ಬೇಕು. ಇಡೀ ಕಿಟ್ ತರಿಸಬೇಡಿ. ಬಾಲದ ಚುಕ್ಕಾಣಿಯ ಭಾಗವನ್ನಷ್ಟೇ ಬೇರೆಯಾಗಿ ಮಾರುತ್ತಾರೆ, ಅದನ್ನು ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಕೈಗೆ ಬರುವಂತೆ ತರಿಸಿ. ಅದರ ಪ್ರತಿ ತೂತಿನ ಚೂಪು ಅಂಚನ್ನು ಎರಡೂ ಬದಿ ಕೆರೆದು ನುಣ್ಣಗೆ ಮಾಡುವ ಕೆಲಸ ಇರುತ್ತದೆ, ವಿಮಾನ ಕಟ್ಟುವುದರಲ್ಲಿ ಮುಕ್ಕಾಲು ಪಾಲು ಅದೇ. ಅದರಿಂದ ಬೇಸರ ಬಾರದಿದ್ದರೆ ರೆಕ್ಕೆಗೆ ಹಣ ಕಟ್ಟಿ.