ಕಾದಂಬರಿಯನ್ನು ಪ್ರಕಾಶಕರು ಬೇಡ ಅಂದಾಗ ಹೇಗೆ ತಡೆದುಕೊಂಡಿರಿ?

ಮೊದಲ ಕಾದಂಬರಿಯನ್ನು ನಾಲ್ಕು ಪ್ರಕಾಶಕರಿಗೆ ಕಳಿಸಿದೆ, ಇಬ್ಬರು ಬೇಡ ಅಂದರು, ಇಬ್ಬರು ಉತ್ತರವನ್ನೇ ಕೊಟ್ಟಿಲ್ಲ, ಇನ್ನು ಬರೆಯಲೋ ಬೇಡವೋ ಅಂತ ಕೇಳಿದ್ದೀರಿ. ನಾಲ್ಕೇ ತಾನೇ? ನನಗೆ ಏಳು ಆಗಿದ್ದವು.

ನಮ್ಮಲ್ಲಿ ‘ಬೇಡ’ ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ‘ನೋಡೋಣ’ ಅನ್ನುತ್ತಾರೆ. ‘ಪುಸ್ತಕ ಮೇಳ ಮುಗೀಲಿ’ ಅನ್ನುತ್ತಾರೆ. ಆಮೇಲೆ ಫೋನ್ ಎತ್ತುವುದಿಲ್ಲ. ನನ್ನನ್ನು ಜಾಸ್ತಿ ಹಣ್ಣು ಮಾಡಿದ್ದು ಇದೇ. ಆದರೆ ಅದರಲ್ಲಿ ಅರ್ಧ ನನ್ನದೇ ತಪ್ಪು. ನಾನು ಟೈಪ್ ಮಾಡಿದ್ದು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ. ವರ್ಡ್ ಫೈಲನ್ನು ಹಾಗೇ ಮೇಲ್ ಮಾಡಿ, ಏಳು ತಿಂಗಳು ಕೊರಗಿದೆ. ಒಂದು ದಿನ ಅಣ್ಣನ ಮಗಳ ಲ್ಯಾಪ್‌ಟಾಪಿನಲ್ಲಿ ಅದೇ ಫೈಲ್ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಪುಟಗಟ್ಟಲೆ ಇಂಗ್ಲಿಷ್ ಅಕ್ಷರಗಳು, ಒಂದೊಂದರ ತಲೆ ಮೇಲೂ ಕೊಂಬು. ‘ಚಿಕ್ಕಪ್ಪ, ಇದು ಯಾವ ಭಾಷೆ?’ ಅಂದಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಹಾಗೇ ಕಾಣುವುದಂತೆ. ಮೂರು ಪ್ರಕಾಶಕರಿಗೆ ನಾನು ಕಳಿಸಿದ್ದು ಅದನ್ನೇ. ನೀವು ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಕೆಟ್ಟಿವೆಯಾ ಅಂತ ಒಮ್ಮೆ ಕಣ್ಣಾಡಿಸಿ, ಪಿಡಿಎಫ್ ಮಾಡಿ ಕಳಿಸಿ.

ಇನ್ನು ಕೆಲವು ‘ಬೇಡ’ ಬರೀ ಲೆಕ್ಕಾಚಾರ. ಅಚ್ಚಿನವರ ಲೆಕ್ಕದಲ್ಲಿ 16 ಪುಟಕ್ಕೆ ಒಂದು ಫಾರಂ. ನನ್ನದು 26 ಫಾರಂ, ಅಂದರೆ 416 ಪುಟ. ಹೊಸಬರ ಪುಸ್ತಕ ಸಾಮಾನ್ಯವಾಗಿ 500 ಪ್ರತಿ, ಹೆಚ್ಚೆಂದರೆ 1000 ಹಾಕಿಸುತ್ತಾರೆ. ಅಂಗಡಿಯವರಿಗೆ ಕಮಿಷನ್ ಬಿಡಬೇಕು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾಯಬೇಕು. ಅಷ್ಟು ದಪ್ಪದ ಪುಸ್ತಕಕ್ಕೆ ಹೆಸರೇ ಕೇಳದವನನ್ನು ನಂಬಿ ಯಾರು ದುಡ್ಡು ಹಾಕುತ್ತಾರೆ, ಅಲ್ವಾ? ಒಬ್ಬರು ‘ಅರ್ಧ ಖರ್ಚು ನೀವು ಕೊಡಿ, 200 ಪ್ರತಿ ನೀವೇ ತಗೊಳ್ಳಿ’ ಅಂದರು. ನಾನು ಹೂಂ ಅಂದುಬಿಟ್ಟಿದ್ದೆ. ನನ್ನ ಹೆಂಡತಿ ಏನೂ ಹೇಳಲಿಲ್ಲ, ಬಗ್ಗಿ ಮಂಚದ ಕೆಳಗೆ ಎಷ್ಟು ಜಾಗ ಇದೆ ಅಂತ ನೋಡಿದಳು. ಅಲ್ಲಿಗೆ ಆ ಮಾತು ಬಿಟ್ಟೆ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ಕೊಡುತ್ತದೆ. ಪ್ರಕಟಣೆ ಬಂದಾಗ ನೋಡಿ. ವಯಸ್ಸಿನ ಮಿತಿ ಇರುತ್ತದೆ. ನನಗೆ ಆಗಲೇ 41.

ಗೆಳೆಯರು ಹಳೇ ಕಾಲದ ಕಾದಂಬರಿಕಾರ ಗಳಗನಾಥರ ಕತೆ ಹೇಳಿ ಸಮಾಧಾನ ಮಾಡಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದವರು ಅವರು. ನನಗೆ ಇದರಿಂದ ಏನೂ ಸಮಾಧಾನ ಆಗಲಿಲ್ಲ. ಎರಡು ಮೈಲಿ ನಡೆದರೆ ನನಗೆ ಮಂಡಿ ನೋವು.

ಏಳರಲ್ಲಿ ಒಂದೇ ಒಂದು ‘ಬೇಡ’ ನಿಜಕ್ಕೂ ನನ್ನ ಕಾದಂಬರಿಯ ಬಗ್ಗೆ ಇತ್ತು. ಆ ಪ್ರಕಾಶಕರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ‘ಮೇಷ್ಟ್ರೇ, ನಿಮ್ಮ ಗಂಗಮ್ಮ ಮನೆ ಬಿಟ್ಟು ಹೊರಡೋದು 90ನೇ ಪುಟದಲ್ಲಿ. ಅಲ್ಲಿವರೆಗೆ ನಾನೇ ಎರಡು ಸಲ ನಿದ್ದೆ ಮಾಡಿದೆ’ ಅಂದರು. ಮೂರು ದಿನ ಅವರನ್ನು ಮನಸ್ಸಿನಲ್ಲೇ ಬೈದೆ. ನಾಲ್ಕನೇ ದಿನ ತೆಗೆದು ಓದಿದೆ. ಗಂಗಮ್ಮನ ಮಾವನ ಬಾಲ್ಯ, ಮಾವನ ಅಪ್ಪನ ಬಾಲ್ಯ, ನಡುವೆ ಅಡಿಕೆ ಸುಲಿಯುವುದೇ ಆರು ಪುಟ. ಅಡಿಕೆ ಸುಲಿಯುವುದನ್ನು ಒಂದು ಪುಟಕ್ಕೆ ಇಳಿಸಿದೆ, ಪೂರ್ತಿ ತೆಗೆಯಲು ಮನಸ್ಸು ಬರಲಿಲ್ಲ. ಎಲ್ಲ ಸೇರಿ 26 ಫಾರಂ 19ಕ್ಕೆ ಬಂತು. ಎಂಟನೆಯವರು 500 ಪ್ರತಿ ಹಾಕಿದರು.

ಹಾಗಾಗಿ ಆ ಇಬ್ಬರು ಬೇಡ ಅಂದಾಗ ಏನು ಕಾರಣ ಕೊಟ್ಟರು ಅಂತ ನೆನಪು ಮಾಡಿಕೊಳ್ಳಿ. ಪುಟ, ಪಾತ್ರ ಅಂತ ಹೆಸರು ಹಿಡಿದು ಹೇಳಿದ್ದರೆ ಅವರು ಓದಿದ್ದಾರೆ. ಉತ್ತರವನ್ನೇ ಕೊಡದ ಇಬ್ಬರಿಗೆ ಆರು ತಿಂಗಳು ಬಿಟ್ಟು ಒಮ್ಮೆ ಜ್ಞಾಪಿಸಿ, ಆಮೇಲೆ ಸುಮ್ನೆ ಬೇರೆಯವರಿಗೆ ಕಳಿಸಿ.

ನನ್ನ ಎರಡನೇ ಕಾದಂಬರಿ ಈಗ ಆ ಎಂಟನೆಯವರ ಮೇಜಿನ ಮೇಲೇ ಇದೆ. ‘ಯುಗಾದಿ ಕಳೀಲಿ, ಮಾತಾಡೋಣ’ ಅಂದಿದ್ದಾರೆ. ಯಾವ ಯುಗಾದಿ ಅಂತ ನಾನು ಕೇಳಲಿಲ್ಲ.